ಎರಡು ಗೋಡೆ, ಒಂದು ಗೂಡು

ತೊಂಬತ್ತಮೂರನೇ ಇಸವಿ. ರೋಗ ಬಂದು ತುಡುವೆ ಜೇನುಹುಳವೇ ಕಾಣದಂತಾಗಿ, ಅರಕೆರೆಯ ನನ್ನ ಹಿತ್ತಲಿನ ಜೇನುಪೆಟ್ಟಿಗೆಗಳೆಲ್ಲ ಖಾಲಿ ಬಿದ್ದಿದ್ದವು. ಕ್ಯಾತನಹಳ್ಳಿಯ ಗೋಡೆಯೊಂದರಲ್ಲಿ ಜೇನಿದೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದೇ ತಡ, ಮರುದಿನ ಪೆಟ್ಟಿಗೆ ಹೊತ್ತು ಹೊರಟೆ. ಈ ಗೂಡೂ ಕೈತಪ್ಪಿದರೆ ನನ್ನ ಕಸುಬು ಮುಗಿದ ಹಾಗೆಯೇ.

ಗೋಡೆ ನೋಡಿ ನನಗೆ ಸೋಜಿಗ. ಅದು ಪಾಲಾದ ತೊಟ್ಟಿಮನೆ. ಅಣ್ಣತಮ್ಮಂದಿರು ತೊಟ್ಟಿಯ ನಡುವೆ ಒಂದಲ್ಲ, ಎರಡು ಗೋಡೆ ಎಬ್ಬಿಸಿದ್ದರು. ಒಬ್ಬರ ಗೋಡೆಯ ಮೇಲೆ ಇನ್ನೊಬ್ಬರಿಗೆ ನಂಬಿಕೆಯಿಲ್ಲ. ನಡುವಿನ ಗೇಣಗಲದ ಸಂದಿಗೆ ಮೇಲೆ ಹೆಂಚು ಮುಚ್ಚಿದ್ದರು. ಯಾರಿಗೂ ಸೇರದ ಆ ಸಂದಿಯಲ್ಲಿ ಜೇನು ಸಂಸಾರ ಹೂಡಿತ್ತು.

ತಮ್ಮನ ಹೆಂಡತಿ ವೆಂಕಟಮ್ಮನವರ ಕಡೆಯಿಂದ ಇಟ್ಟಿಗೆ ಕಿತ್ತು, ಜೇನಿನ ಎರಿಗಳನ್ನು ಕುಯ್ದು ಪೆಟ್ಟಿಗೆಯ ಚೌಕಟ್ಟಿಗೆ ಕಟ್ಟಿದೆ. ರಾಣಿ ಮಾತ್ರ ಆಚೆ ಗೋಡೆಗೆ ಸರಿದುಬಿಟ್ಟಿತು. ಅದು ಸಿಗದಿದ್ದರೆ ಉಳಿದ ಹುಳ ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ.

"ಆ ಕಡೆಯಿಂದ್ಲೂ ನಾಕು ಇಟ್ಟಿಗೆ ತಗೀಬೇಕು ಕಣವ್ವ, ಹೊಗೆ ಕೊಟ್ಟು ರಾಣಿನ ಈಚೆಗೆ ಅಟ್ಟಾಕೆ" ಎಂದೆ.

"ನಾನಂತೂ ಕೇಳಾಕಿಲ್ಲ. ನೀವೇ ಕೇಳ್ಕಳಿ."

ಬೀದಿ ಸುತ್ತಿ ಹೋಗಿ, ಅವರ ವಾರಗಿತ್ತಿ ಪುಟ್ಟಲಕ್ಷ್ಮಮ್ಮನವರನ್ನು ಕೇಳಿದೆ.

"ಅವ್ಳು ಕಳಿಸಿದ್ಲಾ?"

"ಜೇನು ಕಳಿಸ್ತು ಕಣವ್ವ."

ನಕ್ಕರೋ ಇಲ್ಲವೋ ತಿಳಿಯಲಿಲ್ಲ, ಹಾರೆ ತಂದುಕೊಟ್ಟರು. ಆ ಕಡೆಯೂ ಕಿಂಡಿ ಮಾಡಿ, ಹೊಗೆಯಾಡುವ ಕರಟವನ್ನು ಅವರ ಕೈಗಿಟ್ಟು ಈಚೆಗೆ ಬಂದೆ.

"ಕೈ ಇನ್ನೊಸಿ ಒಳಿಕ್ಕೆ ತರಾಕೆ ಹೇಳಿ" ಎಂದರು ವೆಂಕಟಮ್ಮ, ನನಗೆ.

"ಆ ಕಡೆ ಕಣ್ಗೆ ಹೊಗೆ ಬತ್ತಾ ಅದಾ ಕೇಳಿ" ಎಂದರು ಆಚೆಯವರು, ಅದೂ ನನಗೇ. ಕೈಗೆಟಕುವ ದೂರದ ಇಬ್ಬರಿಗೆ ನಾನು ಟಪಾಲಿನವನಾಗಿದ್ದೆ.

ನಾನಿನ್ನೂ ಬಗ್ಗಿ ರಾಣಿಯನ್ನು ಹುಡುಕುತ್ತಿದ್ದೆ. ವೆಂಕಟಮ್ಮನವರ ಕಣ್ಣಿಗೆ ಮೊದಲು ಬಿತ್ತು.

"ಅಲ್ಲಾಡ್ಬ್ಯಾಡ ಕಣಕ್ಕ. ಉದ್ದುಕ್ಕಿರೋದು ನಿನ್ ಬಳೆ ಮ್ಯಾಲೆ ಕುಂತದೆ."

ಆಚೆಯ ಕೈ ಅಲ್ಲಾಡಲಿಲ್ಲ. ರಾಣಿಯನ್ನು ಮೆಲ್ಲಗೆ ಬೆಂಕಿಪೊಟ್ಟಣಕ್ಕೆ ಇಳಿಸಿಕೊಂಡೆ.

"ಓಯ್ತೇನವ್ವ?" ಎಂದಿತು ಗೋಡೆಯಾಚೆಯ ದನಿ. ಪ್ರಶ್ನೆ ನನಗಲ್ಲ.

"ಊಂ ಕಣಕ್ಕ. ಕೈ ತಗೊ."

ಸಂಜೆ ಹುಳವೆಲ್ಲ ಪೆಟ್ಟಿಗೆ ಸೇರಿದ ಮೇಲೆ, ಕಿಂಡಿಗಳಿಗೆ ಮಣ್ಣು ಮೆತ್ತಿಸಿ ಎಂದು ಹೇಳಿ ಹೊರಟೆ.

ಹೊಂಗೆ ಹೂವಿನ ಕಾಲ ಮುಗಿದಾಗ ಮೊದಲ ಜೇನುತುಪ್ಪ ತೆಗೆದು, ಎರಡು ಸೀಸೆ ಹಿಡಿದು ಹೋದೆ. ಒಂದನ್ನು ವೆಂಕಟಮ್ಮನವರಿಗೆ ಕೊಟ್ಟು ಬೀದಿ ಸುತ್ತಲು ಎದ್ದೆ.

"ಅದ್ಯಾಕೆ ಸುತ್ತೀರಾ, ಇಲ್ಲಿ ಕೊಡಿ" ಎಂದು ಇನ್ನೊಂದನ್ನೂ ಇಸಿದುಕೊಂಡು, ಹಾಗೇ ಉಳಿದಿದ್ದ ಕಿಂಡಿಯೊಳಗೆ ಕೈ ತೂರಿಸಿದರು. ಬಳೆಯ ಕೈಯೊಂದು ಸೀಸೆ ತೆಗೆದುಕೊಂಡಿತು. ಆಚೆಯಿಂದ ಒಂದು ಬಟ್ಟಲು ಉಪ್ಸಾರು ಬಂತು.