ಥಿ ಥುಕ್ ಬೇಕಿಲ್ಲ

“ಬೇಡ ಅಂದ್ರೆ ಬೇಡ! ಇನ್ನೆಷ್ಟು ಸಲ ಹೇಳ್ಲಿ ಅಜ್ಜಿ?”

ಕ್ವೋಯ್ ಬೈಕಿನ ಇಂಜಿನ್ನಿನೊಳಗೆ ಕೈ ತೂರಿಸಿಕೊಂಡೇ ಕೂಗಿದ. ವಿಯೆಟ್ನಾಮಿನ ಚೌ ದೊಕ್ ಪೇಟೆಯ ಅಂಚಿನಲ್ಲಿ ಅವನದೊಂದು ಗ್ಯಾರೇಜು. ಗ್ಯಾರೇಜು ಎಂದರೆ ಮನೆ ಮುಂದೆ ಇಳಿಬಿಟ್ಟ ತಗಡು, ಅದರಡಿ ಎರಡು ಡಬ್ಬಿ ಸ್ಪ್ಯಾನರು. ಏಳನೇ ತರಗತಿಗೇ ಶಾಲೆ ಬಿಟ್ಟವನಿಗೆ ಕಾಗದ ಕಂಡರೆ ಮೈಯೆಲ್ಲ ಉರಿ. ಅಂಥವನ ಕೊರಳಿಗೆ ಈ ವಾರ ಪೂರ್ತಿ ಕಾಗದವೇ ಸುತ್ತಿಕೊಂಡಿತ್ತು. ಗಡಿಯಾಚೆ ಕಾಂಬೋಡಿಯದಲ್ಲಿ ಅಜ್ಜಿಯ ಅಣ್ಣ ಹಾಸಿಗೆ ಹಿಡಿದಿದ್ದ. ಇನ್ನು ಏಳುವ ಮಾತಿರಲಿಲ್ಲ.

ಅಜ್ಜಿಯನ್ನು ಊರೆಲ್ಲ ಆರನೆಯವಳು ಅನ್ನುತ್ತಿತ್ತು, ಅವಳ ಅಣ್ಣನನ್ನು ಐದನೆಯವನು. ಹುಟ್ಟಿದ ಸಾಲಿನ ಎಣಿಕೆಯೇ ಹೆಸರು. ಪಾಸ್‌ಪೋರ್ಟ್ ಬಂದ ದಿನ ಅದರಲ್ಲಿ ಬೊಂಗ್ ಎಂದು ಅಚ್ಚಾದದ್ದನ್ನು ಕೇಳಿ ಅಜ್ಜಿ, “ಇವಳ್ಯಾರೋ? ನನ್ನ ಫೋಟೋ ಹಾಕ್ಕೊಂಡು ಕೂತಿದಾಳೆ” ಎಂದು ನಕ್ಕಿದ್ದಳು.

ಆಚೆಯಿಂದ ಐದನೆಯವನ ಮಗ ಖಾಂಗ್ ಫೋನು ಮಾಡಿದ್ದ. “ಅಪ್ಪ ಬೆಳಿಗ್ಗೆ ಹೊತ್ತು ಕಣ್ಣು ಬಿಡ್ತಾರೆ, ಗುರುತು ಹಿಡೀತಾರೆ. ಹನ್ನೊಂದಾದ್ರೆ ಮುಗೀತು, ನನ್ನನ್ನೇ ಯಾರು ಅಂತಾರೆ. ನಿನ್ನೆ ಅತ್ತೇನ ಕೇಳಿದ್ರು. ನಾಳೆನೇ ಕರ್ಕೊಂಡ್ ಬಾರೋ, ನಾಡಿದ್ದು ಅನ್ಬೇಡ.”

ನಾಳೆಯೇ ಹೋಗಬಹುದಿತ್ತು. ಆದರೆ ಹೋಗಲು ಏನು ಬೇಕು ಎಂದು ಇಡೀ ಪೇಟೆಯಲ್ಲಿ ಒಬ್ಬನಿಗೂ ನೆಟ್ಟಗೆ ಗೊತ್ತಿರಲಿಲ್ಲ. ಕಾಫಿ ಅಂಗಡಿಯಲ್ಲಿ ಮೂರು ಹೊತ್ತೂ ಕೂತಿರುವ ಎಂಟನೇ ಮಾವ, “ವೀಸಾ ಬೇಕೇ ಬೇಕು ಕಣೋ, ನನ್ ಕೈಗೆ ಕೊಡು, ಮಾಡಿಸ್ಕೊಡ್ತೀನಿ” ಎಂದ. ಒಣಮೀನಿನ ಹೆಂಗಸು, “ಅವನ ಮಾತು ಕೇಳ್ತೀಯಾ? ನಾನು ತಿಂಗಳಿಗೆರಡು ಸಲ ಹೋಗ್ತೀನಿ, ಯಾವ ವೀಸಾನೂ ಇಲ್ಲ” ಎಂದಳು. ಕಚೇರಿಯಲ್ಲಿ ಒಬ್ಬ, ಗಡಿಯವರಿಗೆ ಬೇರೊಂದು ಚೀಟಿ ಇದೆ ಎಂದ. ಪಕ್ಕದ ಮೇಜಿನವನು, ಪಾಸ್‌ಪೋರ್ಟ್ ಇದ್ದವರಿಗೆ ಆ ಚೀಟಿ ಯಾಕೆ ಎಂದು ಅವನ ಮೇಲೇ ಬಿದ್ದ. ಇಬ್ಬರೂ ಜಗಳಕ್ಕೆ ನಿಂತರು, ಕ್ವೋಯ್ ಎದ್ದು ಬಂದ. ಕೊನೆಗೆ ಫೋನಿನಲ್ಲಿ ಸರಕಾರದ್ದೇ ಒಂದು ಪುಟ ಸಿಕ್ಕಿತು. ಅಕ್ಷರಕ್ಕೆ ಬೆರಳಿಟ್ಟು ಅಜ್ಜಿಗೆ ಓದಿ ಹೇಳಿದ: ಮೂವತ್ತು ದಿನದೊಳಗಿನ ಭೇಟಿಗೆ ವಿಯೆಟ್ನಾಮಿನವರಿಗೆ ಥಿ ಥುಕ್ ಬೇಕಿಲ್ಲ. ವೀಸಾವನ್ನು ಸರಕಾರಿ ಕಾಗದ ಕರೆಯುವುದು ಹಾಗೆ.

ಅಜ್ಜಿ ಕಣ್ಣರಳಿಸಿದ್ದಳು. “ಥಿ ಥುಕ್ ಬೇಡ್ವಾ?”

“ಬೇಡ.”

“ಅದು ಹೆಂಗೋ ಬೇಡ? ನಮ್ಮ ಕಾಲದಲ್ಲಿ ಥಿ ಥುಕ್ ಇಲ್ದೆ ಮದ್ವೇನೂ ಆಗ್ತಿರ್ಲಿಲ್ಲ. ನಮ್ಮಣ್ಣನ ಮೇಜಿನ ಮುಂದೆ ಜನ ಅದಕ್ಕೇ ತಾನೆ ಸಾಲು ನಿಲ್ತಿದ್ದಿದ್ದು?”

ಯುದ್ಧ ಮುಗಿಯುವ ಮುಂಚೆ ಐದನೆಯವನು ಹಳ್ಳಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಒಂದು ಕಾಲು ಕುಂಟಾದ್ದರಿಂದ ಸೈನ್ಯಕ್ಕೆ ಹೋಗದೆ ಉಳಿದಿದ್ದ ಎನ್ನುವುದು ಕ್ವೋಯ್‌ಗೆ ಗೊತ್ತಿತ್ತು. ಮದುವೆಗೂ ವೀಸಾಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ. ಹಳಬರ ಕಾಲದ ಹುಚ್ಚು ಕಾನೂನು ಇರಬೇಕು ಅಂದುಕೊಂಡ. ಕೇಳಲಿಲ್ಲ. ಕೇಳಿದರೆ ಕಥೆ ಶುರುವಾಗುತ್ತದೆ.

ಅದಾದ ಮೇಲೂ ಬಿಡದೆ ಮತ್ತೆ ಎರಡು ಸಲ ಕೇಳಿದ್ದಳು. ಅದಕ್ಕೇ ಈ ಕೂಗು. ಕೂಗಿ, ಕಿಕ್ ಹೊಡೆದು ಇಂಜಿನ್ ಎಬ್ಬಿಸಿದ. ಅಜ್ಜಿ ಬಾಗಿಲಲ್ಲಿ ನಿಂತು ಇನ್ನೂ ಏನೋ ಕೇಳುತ್ತಿದ್ದಳು. ಸದ್ದಿನಲ್ಲಿ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ: “…ಸಾಕೇನೋ?”

“ಸಾಕು, ಸಾಕು! ಸಾಕು ಮಾಡು ಇನ್ನ!” ಎಂದ.

ಅಜ್ಜಿ ತಲೆಯಾಡಿಸಿ, ಕೊಡೆ ತೆಗೆದುಕೊಂಡು ಪೇಟೆ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಏಳಕ್ಕೇ ಹೊರಟರು. ಅಜ್ಜಿಯ ತೊಡೆಯ ಮೇಲೆ ಚೀಲ, ಚೀಲದಲ್ಲಿ ಅಣ್ಣನಿಗೆ ಇಷ್ಟವಾದ ಅಂಟಕ್ಕಿಯ ಉದ್ದ ಕಡುಬು, ಒಳಗೆ ಬಾಳೆಹಣ್ಣು ತುಂಬಿ, ಎಲೆ ಸುತ್ತಿ ದಾರ ಕಟ್ಟಿದ್ದು.

“ಪಾಸ್‌ಪೋರ್ಟ್ ತಗೊಂಡ್ಯಾ ಅಜ್ಜಿ?”

“ಎಲ್ಲಾ ಕವರಲ್ಲಿದೆ. ನಿಂದು ನೀನು ನೋಡ್ಕೋ.”

ಗಡಿಯ ಬಾಗಿಲಿಗೆ ಬಂದಾಗ ಎಂಟೂಕಾಲು. ಬೈಕು ನಿಲ್ಲಿಸಿ ಎರಡು ಸಾಲಿನಲ್ಲಿ ನಿಂತರು, ಅಜ್ಜಿ ವಯಸ್ಸಾದವರ ಸಾಲಿನಲ್ಲಿ, ಅವನು ಪಕ್ಕದ್ದರಲ್ಲಿ. ಅವನ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದು ಎರಡು ನಿಮಿಷವಾಯಿತು, ಅಜ್ಜಿ ಇನ್ನೂ ಗಾಜಿನ ಮುಂದೆಯೇ. ಹತ್ತಿರ ಹೋದ. ಒಳಗೆ ಕೂತಿದ್ದವನು ಅವನದೇ ವಯಸ್ಸಿನ ಹುಡುಗ, ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ.

“ಅಜ್ಜಿ, ಪಾಸ್‌ಪೋರ್ಟ್ ಕೊಡಿ.”

“ಕೊಟ್ಟೆನಲ್ಲಪ್ಪ.”

“ಇದಲ್ಲ ಅಜ್ಜಿ.”

“ಇದೇ ಕಣಪ್ಪ. ಥಿ ಥುಕ್ ಬೇಡ ತಾನೆ?”

“ಹೌದು, ಥಿ ಥುಕ್ ಬೇಡ.”

“ಬೇಡ ಅಂದ್ಮೇಲೆ ಬಿಡು ಮತ್ತೆ.”

“ಬಿಡೋಕಾಗಲ್ಲ ಅಜ್ಜಿ, ಪಾಸ್‌ಪೋರ್ಟ್ ಬೇಕು.”

“ಥಿ ಥುಕ್ ಬೇಕು ಅಂತೀಯೋ?”

“ಅಯ್ಯೋ, ಬೇಡ ಅಂತಿದೀನಿ!”

ಕ್ವೋಯ್‌ಗೆ ತಲೆ ಕೆಟ್ಟುಹೋಯಿತು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ. ಇವನಿಗೇನೋ ಕೈಬೆಚ್ಚಗೆ ಮಾಡಬೇಕು, ಅದಕ್ಕೇ ಈ ನಾಟಕ ಎಂದು ತೀರ್ಮಾನಿಸಿಬಿಟ್ಟ. ಗಾಜಿಗೆ ಅಂಗೈಯಲ್ಲಿ ಬಡಿದ.

“ಏನಯ್ಯಾ ನಿಂದು? ಬೇಡ ಅಂತೀಯ, ಬಿಡಲ್ಲ ಅಂತೀಯ! ಆಚೆ ಒಬ್ಬ ಮನುಷ್ಯ ಸಾಯ್ತಾ ಇದಾನೆ. ಹನ್ನೊಂದರ ಮೇಲೆ ಹೋದ್ರೆ ತಂಗಿ ಯಾರು ಅಂತ ಗೊತ್ತಾಗಲ್ಲ ಅವನಿಗೆ. ಅದನ್ನ ನೀನು ಬಂದು ಹೇಳ್ತೀಯಾ?”

ಗಾಜಿನ ಹಿಂದಿನ ಹುಡುಗ ಬೈಯಲಿಲ್ಲ. ಕಿಂಡಿಯ ಕೆಳಗಿಂದ ಒಂದು ಹಾಳೆಯನ್ನು ಮೆಲ್ಲಗೆ ಹೊರಗೆ ತಳ್ಳಿದ. “ನೀವೇ ನೋಡಿ ಅಣ್ಣ.”

ಜೆರಾಕ್ಸು. ಬಣ್ಣದ್ದು. ಅಜ್ಜಿಯ ಫೋಟೋ, ಹೆಸರು, ನಂಬರು ಎಲ್ಲ ಸೊಗಸಾಗಿ ಬಿದ್ದಿತ್ತು. ಮೇಲೆ ಪ್ಲಾಸ್ಟಿಕ್ ಕೂಡ ಮೆತ್ತಿಸಿದ್ದಳು.

“ಅಜ್ಜೀ! ಅಸಲು ಎಲ್ಲಿ?”

“ಮನೇಲಿ. ಪೂಜೆ ಕಪಾಟಲ್ಲಿ, ಬಿಸ್ಕತ್ ಡಬ್ಬೀಲಿ. ಅಸಲನ್ನ ಯಾರಾದ್ರೂ ಬೀದಿಗೆ ತರ್ತಾರೇನೋ? ಕಳೆದುಹೋದ್ರೆ?”

“ನಕಲು ನಡೆಯತ್ತೆ ಅಂತ ಯಾರು ಹೇಳಿದ್ದು ನಿಂಗೆ?”

“ನೀನೇ! ಥಿ ಥುಕ್ ಬೇಡ ಅಂದೆ. ಹಂಗಾದ್ರೆ ಬರೀ ನಕಲು ಸಾಕೇನೋ ಅಂತ ಬಾಗಿಲಲ್ಲಿ ನಿಂತು ಕೇಳಿದೆ. ಸಾಕು ಸಾಕು ಅಂದೆ, ಮೂರು ಸಲ ಅಂದೆ!”

ಥಿ ಥುಕ್ ಬೇಡವೆಂದರೆ ನಕಲು ಸಾಕು ಹೇಗಾಗುತ್ತದೆ ಎನ್ನುವುದು ಕ್ವೋಯ್‌ಗೆ ಆಗಲೂ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುತ್ತ ನಿಲ್ಲಲು ಹೊತ್ತೂ ಇರಲಿಲ್ಲ. ಅಜ್ಜಿಯ ಕೊರಳಲ್ಲಿದ್ದ ಬೀಗದಕೈ ಬಿಚ್ಚಿಕೊಂಡ. ಗಾಜಿನ ಹುಡುಗ ಅವನ ಮುದ್ರೆಯನ್ನು ರದ್ದು ಮಾಡಿ, “ಅಜ್ಜಿ ಇಲ್ಲೇ ಕೂತಿರ್ಲಿ, ಫ್ಯಾನ್ ಇದೆ. ನೀವು ನಿಧಾನಕ್ಕೆ ಹೋಗ್ಬನ್ನಿ” ಎಂದ. ಅವನ ಒಳ್ಳೆಯತನ ಕಂಡು ಕ್ವೋಯ್‌ಗೆ ಇನ್ನಷ್ಟು ಸಿಟ್ಟು ಬಂತು.

ದಾರಿಯುದ್ದಕ್ಕೂ ಬೈದುಕೊಂಡೇ ಬಂದ. ಎಂಟನೇ ಮಾವನನ್ನು, ಕಚೇರಿಯ ಇಬ್ಬರನ್ನು, ಜೆರಾಕ್ಸು ಅಂಗಡಿಯವನನ್ನು, ಗಡಿ ಎನ್ನುವ ಗೆರೆ ಎಳೆದವನ ಏಳು ತಲೆಮಾರನ್ನು. ಅಜ್ಜಿಯನ್ನು ಬೈಯಲು ಹೊರಟಾಗ ಮಾತ್ರ ಬೈಗುಳ ತಿರುಗಿ ತನ್ನ ಮೂತಿಗೇ ಬಡಿಯುತ್ತಿತ್ತು.

ದಾರಿಯಲ್ಲಿ ದೋಣಿ ಸಾಗಿಸುತ್ತಿದ್ದ ಲಾರಿಯೊಂದು ಸೇತುವೆಗೆ ಅಡ್ಡ ಸಿಕ್ಕಿಕೊಂಡಿತ್ತು. ಕಾಲು ಗಂಟೆ ಅಲ್ಲೇ ಹೋಯಿತು. ಮನೆ ಮುಟ್ಟಿದಾಗ ಹತ್ತು. ಚಪ್ಪಲಿ ಬಿಡದೆ ಒಳಗೆ ನುಗ್ಗಿದವನು ತಾತನ ಫೋಟೋ ಎದುರು ಬಂದಾಗ ಮಾತ್ರ ನಾಚಿ ಅದನ್ನು ಕಳಚಿದ. ಕಪಾಟಿನಿಂದ ಡಬ್ಬಿ ತೆಗೆದ. ಪಾಸ್‌ಪೋರ್ಟು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡು ಹಾಕಿ ಮಲಗಿಸಿತ್ತು. ಅದರಡಿಯಲ್ಲಿ ಹಳದಿಗಟ್ಟಿದ ಒಂದು ಹಾಳೆ. ಅಜ್ಜಿಯ ಜನನ ಪತ್ರದ ನಕಲು, ಅವಳ ಮದುವೆಯ ವರ್ಷದ್ದು. ಮೂಲೆಯಲ್ಲಿ ಮಾಸಿದ ಕೆಂಪು ಮೊಹರು, ಅದರ ಪಕ್ಕ ಓರೆ ಅಕ್ಷರದಲ್ಲಿ ಎರಡು ಪದ, ಕೆಳಗೆ ಐದನೆಯವನ ಸಹಿ. ಕ್ವೋಯ್ ಆ ಎರಡು ಪದಗಳನ್ನು ಕೂಡಿಸಿ ಓದಿದ. ಥಿ ಥುಕ್.

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅಜ್ಜಿಯ ಕಾಲದಲ್ಲಿ ಆ ಮಾತಿಗೆ ಅರ್ಥ ಬೇರೆ. ಅಸಲನ್ನು ಕಣ್ಣಾರೆ ಕಂಡಿದ್ದೇನೆ, ಈ ನಕಲು ಅದರಂತೆಯೇ ಇದೆ ಎಂದು ಗುಮಾಸ್ತ ಒತ್ತುವ ಮೊಹರು. ಅದಿಲ್ಲದ ನಕಲು ಬರೀ ಕಾಗದ. ಅದು ಬೇಕಿಲ್ಲ ಎಂದು ಸರಕಾರವೇ ಹೇಳಿದರೆ ಅವಳು ಇನ್ನೇನು ತಿಳಿಯಬೇಕು? ವೀಸಾ ಅಂತ ಒಂದು ಮಾತು ಬಾಯಿಬಿಟ್ಟು ಅಂದಿದ್ದರೆ ಮುಗಿದಿತ್ತು. ಅನ್ನಲಿಲ್ಲ. ಕಿರುಚಿದ.

ಪಾಸ್‌ಪೋರ್ಟನ್ನು ಅಂಗಿಯೊಳಗೆ ತುರುಕಿಕೊಂಡ.

ಗಡಿ ದಾಟುವಾಗ ಹನ್ನೊಂದೂವರೆ. ಈಚೆ ಒಂದು ಮುದ್ರೆ, ಆಚೆ ಒಂದು ಮುದ್ರೆ, ಒಟ್ಟು ಐದು ನಿಮಿಷದ ಕೆಲಸ. ಗಾಜಿನ ಹುಡುಗ ಅಜ್ಜಿಗೆ ಕಬ್ಬಿನ ಹಾಲು ತರಿಸಿಕೊಟ್ಟಿದ್ದ. ಅವಳು ಅವನ ಅಪ್ಪ ಅಮ್ಮಂದಿರ ಊರು ಕೇರಿ ಎಲ್ಲ ವಿಚಾರಿಸಿ ಆಗಿತ್ತು.

“ಹನ್ನೊಂದಾಯ್ತೇನೋ?” ಬೈಕಿನ ಹಿಂದಿನಿಂದ ಕೇಳಿದಳು.

“ಇನ್ನೂ ಇಲ್ಲ” ಎಂದ. ಅವಳ ಕೈಯಲ್ಲಿ ಗಡಿಯಾರವಿರಲಿಲ್ಲ.

ಐದನೆಯವನ ಮನೆ ಹೊಳೆಯ ದಂಡೆಯಲ್ಲಿ ಮರದ ಕಂಬಗಳ ಮೇಲಿತ್ತು. ಏಣಿಯ ಬುಡದಲ್ಲೇ ಖಾಂಗ್ ಎದುರಾದ. ಅವನ ಮುಖ ನೋಡಿದರೇ ಸಾಕಿತ್ತು. “ಹತ್ತೂವರೆವರೆಗೂ ಬಾಗಿಲನ್ನೇ ನೋಡ್ತಿದ್ರು ಅತ್ತೆ. ಈಗ… ನಾನೇ ಯಾರು ಅಂತ ಗೊತ್ತಿಲ್ಲ.”

ಅಜ್ಜಿ ಏಣಿ ಹತ್ತಿದಳು. ಚಾಪೆಯ ಮೇಲೆ ಐದನೆಯವನು ಒಂದು ಹಿಡಿಯಷ್ಟಾಗಿದ್ದ. ಕಣ್ಣು ತೆರೆದೇ ಇತ್ತು, ನೋಟ ಮಾತ್ರ ಮಾಡಿನ ಕಡೆ. ಅಜ್ಜಿ ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು.

“ಐದನೇ ಅಣ್ಣಾ, ನಾನು. ಆರನೆಯವಳು.”

ಅವನು ತಿರುಗಿ ನೋಡಿದ. ಅಪರಿಚಿತರನ್ನು ನೋಡುವ ಮರ್ಯಾದೆಯ ನೋಟ. ಅಜ್ಜಿ ಏನು ಮಾಡಬೇಕೋ ತೋಚದೆ ಚೀಲ ತಡಕಾಡಿದಳು. ಕಡುಬಿನ ಜತೆಗೆ ಆ ಜೆರಾಕ್ಸು ಹೊರಗೆ ಬಂತು. ಐದನೆಯವನ ಕಣ್ಣು ಹಾಳೆಯ ಮೇಲೆ ನಿಂತಿತು. ಕೈ ಚಾಚಿದ. ಅವಳು ಕೊಟ್ಟಳು. ಮುಖದ ಹತ್ತಿರ ಹಿಡಿದು ಮೇಲಿಂದ ಕೆಳಗೆ ನೋಡಿದ, ಹುಬ್ಬು ಗಂಟಿಕ್ಕಿದ.

“ಇದು ನಕಲು” ಎಂದ. ದನಿ ಒಣಗಿತ್ತು, ಅಧಿಕಾರ ಒಣಗಿರಲಿಲ್ಲ. “ಅಸಲು ಎಲ್ಲಮ್ಮ? ಅಸಲು ನೋಡ್ದೆ ನಾನು ಥಿ ಥುಕ್ ಹಾಕಲ್ಲ.”

ಖಾಂಗ್ ಅಳಲು ಶುರುಮಾಡಿದ. ಅಜ್ಜಿ ಕ್ವೋಯ್ ಕಡೆ ತಿರುಗಿದಳು. “ಕೊಡೋ ಬೇಗ! ಸಾಹೇಬ್ರು ಕೇಳ್ತಿಲ್ವಾ?”

ಕ್ವೋಯ್ ಅಂಗಿಯೊಳಗಿಂದ ಪಾಸ್‌ಪೋರ್ಟ್ ತೆಗೆದುಕೊಟ್ಟ. ಬೆವರಿಗೆ ಒದ್ದೆಯಾಗಿತ್ತು. ಐದನೆಯವನು ಅದನ್ನು ತೆರೆದ. ಜೆರಾಕ್ಸನ್ನು ಎದೆಯ ಮೇಲೆ ಇಟ್ಟು, ಒಂದೊಂದೇ ಸಾಲಿಗೆ ಬೆರಳಿಟ್ಟು ಅಸಲಿನೊಂದಿಗೆ ತಾಳೆ ನೋಡುತ್ತ ಬಂದ. ನಂಬರು ನೋಡಿದ. ಹುಟ್ಟಿದ ತಾರೀಕು ನೋಡಿದ, ಅಲ್ಲಿ ಸ್ವಲ್ಪ ನಿಂತ. ಫೋಟೋ ನೋಡಿದ. ಆಮೇಲೆ, ಗುಮಾಸ್ತರು ಮಾಡಲೇಬೇಕಾದಂತೆ, ಫೋಟೋದಿಂದ ಕಣ್ಣೆತ್ತಿ ಎದುರಿಗಿದ್ದ ಮುಖ ನೋಡಿದ. ಮತ್ತೆ ಫೋಟೋ. ಮತ್ತೆ ಮುಖ.

“ಬೊಂಗ್” ಎಂದು ಓದಿದ. ತುಟಿ ಇನ್ನೊಮ್ಮೆ ಅಲುಗಿತು. “ಆರು… ಆರನೆಯವಳೇ. ಇಷ್ಟು ತಡ ಯಾಕೆ?”

“ಇವನನ್ನ ಕೇಳು” ಎಂದು ಅಜ್ಜಿ ಮೊಮ್ಮಗನ ಕಡೆ ಗದ್ದ ತೋರಿಸಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಜೋರಾಗಿಯೇ ಇತ್ತು. “ಥಿ ಥುಕ್ ಬೇಡ ಅಂದ ಕಣಣ್ಣ. ನಾನು ಮೂರು ಸಲ ಕೇಳ್ದೆ.”

ಐದನೆಯವನು ಕ್ವೋಯ್‌ನನ್ನು ನೋಡಿ, ತಿಳಿಗೇಡಿ ಎಂಬಂತೆ ತಲೆಯಾಡಿಸಿದ. ಹೆಬ್ಬೆರಳನ್ನು ಜೆರಾಕ್ಸಿನ ಮೂಲೆಯಲ್ಲಿ ಒತ್ತಿ, ಅಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ. ಉಸಿರು ಆಡುತ್ತಿತ್ತು.

ಕ್ವೋಯ್ ಏಣಿಯ ಮೇಲಿನ ಮೆಟ್ಟಿಲಲ್ಲಿ ಬಂದು ಕೂತ. ಬೆಳಗಿನಿಂದ ಸಿಟ್ಟು ಹೊತ್ತು ತಿರುಗಿದ್ದ. ಈಗ ಅದನ್ನು ಯಾರ ಮೇಲೆ ಇಳಿಸಬೇಕೋ ತಿಳಿಯಲಿಲ್ಲ. ಹೊತ್ತಿಗೆ ಸರಿಯಾಗಿ ಅಸಲು ತಂದಿದ್ದರೆ ಈ ಮುದುಕ ಹತ್ತಕ್ಕೇ ಗುರುತು ಹಿಡಿಯುತ್ತಿದ್ದ. ನಕಲು ತಂದದ್ದಕ್ಕೇ ಈಗಲೂ ಹಿಡಿದ. ಇದು ತಪ್ಪೋ ಸರಿಯೋ, ಎಷ್ಟು ತಿರುಗಿಸಿ ನೋಡಿದರೂ ತಲೆ ಬುಡ ಸಿಗಲಿಲ್ಲ. ಒಳಗೆ ಅಜ್ಜಿ ಬಾಳೆಎಲೆ ಬಿಚ್ಚುವ ಸದ್ದು.

“ಲೋ ಕ್ವೋಯ್, ಕಡುಬು ಕುಯ್ಯೋಕೆ ಕಟ್ಟಿದ ದಾರಾನೇ ಸಾಕಾ, ಚಾಕು ಬೇಕಾ ಕೇಳೋ ಖಾಂಗ್‌ನ.”

ಅವನು ‘ಸಾಕು’ ಅನ್ನಲು ಬಾಯಿ ತೆರೆದವನು, ಮುಚ್ಚಿಕೊಂಡು, ಎದ್ದು ಒಳಗೆ ಹೋಗಿ ಕೇಳಿದ: “ಏನಂದೆ ಅಜ್ಜಿ? ಇನ್ನೊಂದ್ಸಲ ಹೇಳು.”