ಅಕ್ಕ ಎತ್ತುವ ಪದ

ಮರಿಲಿಂಗಮ್ಮನಿಗೆ ಮದುವೆಯ ಒಂದು ಪದವನ್ನೂ ತಾನಾಗಿ ಎತ್ತಿ ಹಾಡಲು ಬರುತ್ತಿರಲಿಲ್ಲ. ದೇವಾಪುರದ ಮದುವೆಗಳಲ್ಲಿ ಅಕ್ಕ ಬಾಲಮ್ಮ ನುಡಿ ಹಾಡುವಳು. ನುಡಿ ಮುಗಿದಾಗಲೆಲ್ಲ ಮರಳಿ ಬರುವ ಸೊಲ್ಲನ್ನಷ್ಟೇ ಇವಳು ಹಾಡುವಳು. ಐವತ್ತು ವರ್ಷ ಹೀಗೇ ನಡೆದಿತ್ತು. ಪಿತ್ತಕೋಶದಲ್ಲಿ ಕಲ್ಲಾದ ಮೇಲೆ ಬಾಲಮ್ಮನಿಗೆ ಉಸಿರೆಳೆದರೆ ನೋವು. ಎರಡು ವರ್ಷದಿಂದ ಹಾಡಿರಲಿಲ್ಲ. ಕಾಲುವೆ ಕೆಳಗಿನ ಗದ್ದೆಯಲ್ಲಿ ನಾಟಿ ಹಚ್ಚುವಾಗ ಮರಿಲಿಂಗಮ್ಮ ಬಾಯಿ ತೆರೆದು, ಅಕ್ಕನ ದನಿ ಬಾರದೆ, ಸುಮ್ಮನಾಗುತ್ತಿದ್ದಳು.

ಬಿ.ಪಿ. ಇನ್ನೂರರ ಹತ್ತಿರವಿದೆಯೆಂದು ಯಾದಗಿರಿಯ ಆಸ್ಪತ್ರೆಯೊಂದು ಬಾಲಮ್ಮನನ್ನು ಎರಡು ಸಲ ವಾಪಸ್ ಕಳಿಸಿತ್ತು. ಮೂರನೇ ಸಲ ಕಲ್ಲಿನ ಆಪರೇಷನ್‌ಗೆ ಸೇರಿಸಿಕೊಂಡರು. ಅರಿವಳಿಕೆ ಕೊಡುವ ಡಾಕ್ಟರಮ್ಮ ಹಿಂದಿನ ಸಂಜೆಯೇ ಬಂದು, "ನಾಳೆ ಮುಂಜಾನಿ ಬಿ.ಪಿ. ಗುಳಿಗಿ ತಗೋಬ್ಯಾಡ್ರಿ" ಎಂದು ಹೇಳಿದ್ದರು.

ಅಕ್ಕತಂಗಿ ಇಬ್ಬರದೂ ಒಂದೇ ಬಿ.ಪಿ. ಗುಳಿಗೆ. ಬೆಳಿಗ್ಗೆ ಮರಿಲಿಂಗಮ್ಮ ತನ್ನ ಸೆರಗಿನ ಗಂಟಿನಿಂದ ಎರಡು ತೆಗೆದಳು.

"ಬ್ಯಾಡಂದಾರಲ್ಲ" ಎಂದಳು ಬಾಲಮ್ಮ.

"ಏರಿದ್ರ ಮತ್ತ ಮನಿಗಿ ಕಳಸ್ತಾರ. ಮೊಮ್ಮಗಳ ಲಗ್ನ ಮುಂದಿನ ತಿಂಗಳ ಅದ. ಪದಾ ಯಾರು ಎತ್ತಬೇಕು?"

"ನೀನ ಎತ್ತು."

"ನಾ ಎತ್ತಿದ್ರ ಬೀಗರು ಎದ್ದು ಹೋಗ್ತಾರ."

ಬಾಲಮ್ಮ ನಕ್ಕಳು. ನೋವಿಗೆ ಹೊಟ್ಟೆ ಹಿಡಿದುಕೊಂಡೇ ಎರಡನ್ನೂ ನುಂಗಿದಳು. ಡಾಕ್ಟರಮ್ಮ ಕೇಳಿದಾಗ ಇಬ್ಬರೂ "ಇಲ್ರಿ" ಎಂದರು.

ಆಪರೇಷನ್ ಕೋಣೆಯಲ್ಲಿ ನಿದ್ದೆಯ ಔಷಧಿ ಒಳಗೆ ಹೋದ ಕೆಲವೇ ನಿಮಿಷಕ್ಕೆ ಬಿ.ಪಿ. ಅರವತ್ತಕ್ಕೆ ಇಳಿಯಿತು. ಸಲೈನ್ ಜೋರಾಗಿ ಬಿಟ್ಟರು. ಏರಿಸುವ ಇಂಜೆಕ್ಷನ್ ಕೊಟ್ಟರು, ಮತ್ತೆ ಕೊಟ್ಟರು. ಮೇಲೆ ಬರಲು ಹನ್ನೊಂದು ನಿಮಿಷ ಹಿಡಿಯಿತು. ಹೊಟ್ಟೆಗೆ ಕತ್ತರಿ ಹಾಕದೆ ಹೊರಗೆ ತಂದರು.

"ಗುಳಿಗಿ ಕೊಟ್ಟಿದ್ರೇನು?" ಡಾಕ್ಟರಮ್ಮ ಕೇಳಿದರು.

"ಹೌದ್ರಿ. ಎರಡು."

ಡಾಕ್ಟರಮ್ಮ ಬೈಯಲಿಲ್ಲ. "ವಯಸ್ಸಾದವರ ಮೈ ಏರಿದ ಬಿ.ಪಿ.ಗೇ ಒಗ್ಗಿರ್ತದ್ರಿ. ಒಮ್ಮಿಗೇ ಇಳದ್ರ ಮಿದುಳಿಗಿ ರಕ್ತ ಸಾಲಂಗಿಲ್ಲ."

ಮರುದಿನ ಬಾಲಮ್ಮ ಕಣ್ಣು ಬಿಟ್ಟಳು. ತಂಗಿಯ ಗುರುತು ಹಿಡಿದು ಎಡಗೈ ಚಾಚಿದಳು; ಬಲಗೈ ಮೇಲೇಳಲಿಲ್ಲ. ಮರಿಲಿಂಗಮ್ಮ ಕಿವಿಯ ಹತ್ತಿರ ಬಾಗಿ, "ಎತ್ತಕ್ಕ, ಸಣ್ಣಾಗಿ" ಎಂದಳು. ಬಾಲಮ್ಮನ ಬಾಯಿ ಒಂದು ಕಡೆಗೆ ಎಳೆಯಿತು. ದನಿ ಬರಲಿಲ್ಲ.

ತಿಂಗಳಾದರೂ ಬರಲಿಲ್ಲ. ಲಗ್ನದ ಹಿಂದಿನ ದಿನ ಮರಿಲಿಂಗಮ್ಮ ಅಕ್ಕನ ಮುಂದೆ ಕುಳಿತು ಸೊಲ್ಲುಗಳನ್ನು ಒಂದೊಂದಾಗಿ ಹಾಡಿದಳು. ಬೆರಳು ಮಡಚಿ ಎಣಿಸುತ್ತ ಹೋದಳು. ಯಾವುದರ ನುಡಿಯೂ ಅವಳಿಗೆ ಬರುತ್ತಿರಲಿಲ್ಲ.

ಆ ಎರಡು ಗುಳಿಗೆಗೆ ಹೋದದ್ದು ಇಷ್ಟು: ಅಕ್ಕನ ಬಲಗೈ, ಅಕ್ಕನ ಮಾತು, ಮೂವತ್ತೊಂದು ಪದ.