ವೆಂಡೆಲ್ ಬಣ್ಣ ಹಚ್ಚದೆ ಬಿಟ್ಟ ಜಾಗ

ಮೂರು ದಿನ ಬೆನ್ನು ಮುರಿದುಕೊಂಡು ಟ್ರೈಲರಿಗೆ ಕೆಂಪು ಬಣ್ಣ ಬಳಿದಿದ್ದೆ. ಕುಂಬಳಕಾಯಿ ಹೇರಿ ಸಂತೆಗೆ ಹೊರಟರೆ ಹಿಂದಿನ ದೀಪಗಳು ಹತ್ತಲಿಲ್ಲ. ದೀಪವಿಲ್ಲದೆ ಹೆದ್ದಾರಿಗಿಳಿದರೆ ಶೆರೀಫ್ ಬಿಡುವವನಲ್ಲ. ಬಲ್ಬು ಬದಲಾಯಿಸಿದೆ, ತಂತಿ ಜಗ್ಗಿದೆ, ಬಾಯಿಗೆ ಬಂದಂತೆ ಬೈದೆ. ಕೊನೆಗೆ ಪಕ್ಕದ ಹೊಲದ ಆರ್ಡಿಸ್‌ಳನ್ನು ಕರೆದೆ.

ಅವಳು ಬಂದವಳೇ ಚೌಕಟ್ಟಿಗೆ ಬಿಗಿದಿದ್ದ ಬಿಳಿ ತಂತಿಯ ಬೋಲ್ಟು ಬಿಚ್ಚಿದಳು.

"ಇದರಡಿಗೂ ಬಣ್ಣ ಬಳಿದಿದ್ದೀಯಲ್ಲೇ ಮಾರಾಯ್ತಿ! ಕರೆಂಟು ವಾಪಸ್ ಹೋಗೋಕೆ ಬರಿ ಕಬ್ಬಿಣ ತಾಗಬೇಕು ಕಣೆ."

"ಮತ್ತೆ? ವೆಂಡೆಲ್ ಥರ ಅರ್ಧಂಬರ್ಧ ಬಿಡ್ಲಾ? ಪ್ರತಿ ಸಲ ಬಳಿದಾಗ್ಲೂ ಅಂಗೈಯಗಲ ಜಾಗ ಹಾಗೇ ಬಿಡ್ತಿದ್ದ, ಸೋಮಾರಿ!"

ಆರ್ಡಿಸ್ ನನ್ನನ್ನೇ ನೋಡಿದಳು. "ಯಾವ ಜಾಗ?"

ನಾನು ಬೋಲ್ಟಿನ ತೂತು ನೋಡಿದೆ. ಅದೇ ಜಾಗ. ಮೂವತ್ತು ವರ್ಷ ನನ್ನ ಗಂಡನನ್ನು ಬೈದಿದ್ದೆನೇ ಹೊರತು, ಯಾಕೆ ಬಿಡುತ್ತೀಯ ಅಂತ ಒಂದು ಸಲವೂ ಕೇಳಿರಲಿಲ್ಲ. ಅವನು ತೀರಿಹೋಗಿ ಇದು ಎರಡನೆಯ ಶರತ್ಕಾಲ.

ಬಣ್ಣ ಕೆರೆಯಲು ಅವಳು ತೆಗೆದ ಅರವನ್ನು ಕಿತ್ತುಕೊಂಡು ನಾನೇ ಕೆರೆದೆ. ಕಬ್ಬಿಣ ಹೊಳೆಯಿತು. ಬೋಲ್ಟು ಬಿಗಿದದ್ದೇ ಎರಡೂ ದೀಪ ಝಗ್ಗೆಂದವು.

"ಥ್ಯಾಂಕ್ಸ್ ಕಣೋ," ಅಂದೆ.

"ನನಗೂ ಒಂದು ಹೇಳೇ," ಅಂದಳು ಆರ್ಡಿಸ್.